ಹಳೆಯ ಕುಶನ್ ಕುರ್ಚಿ ಕುಸಿದರೆ: ಬಟ್ಟೆ ಬಿಚ್ಚುವ ಮೊದಲು ಬುಡ ನೋಡಿ

ಮೈಸೂರಿನ ಹಳೆಯ ಮನೆಗಳಲ್ಲಿ ಹಜಾರದ ಮೂಲೆಗೊಂದು ಕುಶನ್ ಕುರ್ಚಿ ಇದ್ದರೆ ಅದರ ಜೊತೆಗೆ ಒಂದು ಮಾತೂ ಇರುತ್ತದೆ. ‘ಇದು ಅರಮನೆಯಿಂದ ಬಂದದ್ದು.’ ಇಲ್ಲವೇ, ‘ದೊರೆಗಳ ಬಂಗಲೆ ಹರಾಜಾದಾಗ ನಮ್ಮ ತಾತ ತಂದದ್ದು.’ ಶ್ರೀರಂಗಪಟ್ಟಣದ ಕಡೆಯವರಾದರೆ ‘ಟಿಪ್ಪು ಕಾಲದ್ದು’ ಎನ್ನುವುದೂ ಉಂಟು. ಒಂದು ದಿನ ಆ ಕುರ್ಚಿಯ ಸೀಟು ಕುಸಿಯುತ್ತದೆ, ಒರಗಿದರೆ ಕಟ್ ಎನ್ನುತ್ತದೆ, ಅಥವಾ ಕಸ ಗುಡಿಸುವಾಗ ಅದರ ಕೆಳಗೆ ಹಿಟ್ಟು ಉದುರಿರುವುದು ಕಾಣುತ್ತದೆ. ಮನೆಯವರು ಗೂಡ್ಸ್ ಆಟೋಗೆ ಹೇರಿ ಕುಶನ್ ಅಂಗಡಿಗೆ ಕಳಿಸುತ್ತಾರೆ. ಸಂಜೆಯೊಳಗೆ ಹಳೆಯದೆಲ್ಲ ಕಿತ್ತು ಗೋಣಿಚೀಲ ಸೇರಿರುತ್ತದೆ.

ನಮ್ಮ ಮನೆಯಲ್ಲೂ ಹಾಗೇ ಆಯಿತು. ತಾತನ ಕುರ್ಚಿಯ ಸೀಟಿನ ಕೆಳಗೆ ಅರ್ಧ ಹರಿದ ಕಾಗದದ ಚೀಟಿಯೊಂದು ಅಂಟಿತ್ತು. ಚಿಕ್ಕವನಾಗಿದ್ದಾಗ ಕುರ್ಚಿಯ ಕೆಳಗೆ ಮಲಗಿ ಅದನ್ನು ನೋಡಿದ್ದು ನೆನಪಿದೆ. ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಮುಂದೆ ಕುರ್ಚಿ ರಿಪೇರಿಗೆ ಹೋಗಿ ಬಂದಾಗ ಒಳಗೆ ಫೋಮ್, ಮೇಲೆ ರೆಕ್ಸಿನ್, ಕೆಳಗೆ ಹೊಸ ಪ್ಲೈವುಡ್ ಹಲಗೆ. ಚೀಟಿ ಎಲ್ಲಿ ಎಂದು ಕೇಳಲು ಹೋದರೆ ಅಂಗಡಿಯವರಿಗೆ ಅಂಥದ್ದೊಂದು ಇತ್ತೆಂಬುದೇ ಗೊತ್ತಿರಲಿಲ್ಲ. ಆ ಕುರ್ಚಿ ಎಲ್ಲಿ ಹುಟ್ಟಿತು, ಯಾರು ಮಾಡಿದರು ಎಂಬುದನ್ನು ಇವತ್ತಿಗೂ ನಾನು ಹೇಳಲಾರೆ. ಹಳೆಯ ಕುರ್ಚಿಗಳನ್ನು ಪರೀಕ್ಷಿಸಿ ರಿಪೇರಿ ಮಾಡುವ ಈ ಕೆಲಸಕ್ಕೆ ನಾನು ಇಳಿದದ್ದು ಆ ನೋವಿನಿಂದಲೇ.

ಹಳೆಯ ಕುರ್ಚಿಗೆ ಕಾಯಿಲೆ ಎಲ್ಲಿದೆಯೋ ಅದರ ಜಾತಕವೂ ಅಲ್ಲೇ ಇರುತ್ತದೆ. ಸೀಟಿನ ತಳಕ್ಕೆ ಬಿಗಿದ ನವಾರು ಪಟ್ಟಿ ಹರಿದ ಕಡೆ ಮೊದಲ ಮೊಳೆಯ ತೂತು ಕಾಣುತ್ತದೆ, ಕೀಲು ಬಿಟ್ಟ ಸಂದಿಯಲ್ಲಿ ಮೂಲದ ಅಂಟು ಕಾಣುತ್ತದೆ, ಹುಳು ತಿಂದ ಜಾಗ ಅದು ಯಾವ ಮರ ಎಂಬುದನ್ನು ಹೇಳುತ್ತದೆ. ಹಾಗಾಗಿ ದೋಷ ಹುಡುಕುವುದನ್ನೂ ವಯಸ್ಸು ಅಂದಾಜು ಮಾಡುವುದನ್ನೂ ಒಟ್ಟಿಗೇ ಮಾಡಬೇಕು. ರಿಪೇರಿ ಮುಗಿದ ಮೇಲೆ ವಯಸ್ಸು ಕೇಳಿದರೆ ಸಾಕ್ಷಿ ಹೇಳಲು ಏನೂ ಉಳಿದಿರುವುದಿಲ್ಲ.

ಕಳೆದ ಮಳೆಗಾಲದಲ್ಲಿ ಲಕ್ಷ್ಮೀಪುರಂನ ನಿವೃತ್ತ ಮೇಷ್ಟ್ರೊಬ್ಬರು ಕರೆದಿದ್ದರು. ಎತ್ತರದ ಬೆನ್ನು, ಮುಂದಕ್ಕೆ ಸುರುಳಿ ಸುತ್ತಿದ ಕೈಗಳು, ಕಡೆದು ಮಾಡಿದ ಮುಂಗಾಲು, ಕಾಲ ತುದಿಯಲ್ಲಿ ಹಿತ್ತಾಳೆಯ ಗಾಲಿ. ‘ನೋಡಪ್ಪ, ಇದು ಇಂಗ್ಲೆಂಡಿಂದು. ಅರಮನೆ ಸಾಮಾನು ಹರಾಜಾದಾಗ ನಮ್ಮ ತಂದೆಯವರು ತಗೊಂಡಿದ್ದು’ ಎಂದರು. ಸೀಟು ಎಡಕ್ಕೆ ಕುಸಿದಿತ್ತು, ಒರಗಿದರೆ ಸದ್ದು, ಕೆಳಗೆ ಹಿಟ್ಟು. ಮೂರೂ ಒಟ್ಟಿಗೆ ಇದ್ದ ಕುರ್ಚಿ ಆದ್ದರಿಂದ ಅದನ್ನೇ ಮುಂದಿಟ್ಟುಕೊಂಡು ಹೇಳುತ್ತೇನೆ.

ಮಗುಚುವ ಮೊದಲು

ಬೇಕಾದ್ದು ಹೆಚ್ಚೇನಿಲ್ಲ: ಟಾರ್ಚು, ಮುಖ ನೋಡುವ ಸಣ್ಣ ಕನ್ನಡಿ, ಅಯಸ್ಕಾಂತದ ತುಂಡು, ಉದ್ದದ ದಾರ, ಬಿಳಿ ಕಾಗದ, ಹತ್ತಿ, ಪಾಲಿಶ್ ಮಾಡುವವರು ಬಳಸುವ ಸ್ಪಿರಿಟ್ ಒಂದಿಷ್ಟು, ಫೋಟೋ ತೆಗೆಯಲು ಮೊಬೈಲು. ಕುರ್ಚಿಯನ್ನು ಕೈ ಹಿಡಿದು ಎತ್ತಬೇಡಿ. ಕೈಯ ಕೀಲು ಸಡಿಲವಾಗಿದ್ದರೆ ಅಲ್ಲೇ ಕಿತ್ತುಬರುತ್ತದೆ. ಸೀಟಿನ ಚೌಕಟ್ಟಿಗೆ ಕೆಳಗಿನಿಂದ ಕೈ ಕೊಟ್ಟು ಇಬ್ಬರು ಎತ್ತಿ, ನೆಲಕ್ಕೆ ಜಮಖಾನ ಹಾಸಿ ಅದರ ಮೇಲೆ ಮಗುಚಿ. ಎಲ್ಲ ಮಗ್ಗುಲಿನ ಫೋಟೋ ತೆಗೆಯುವವರೆಗೆ ಒಂದು ಮೊಳೆಯನ್ನೂ ಕೀಳಬೇಡಿ. ಇಷ್ಟನ್ನು ಹೇಳಿದರೂ ಕೇಳದವರೇ ಹೆಚ್ಚು, ಅದಕ್ಕೇ ಮತ್ತೆ ಹೇಳುತ್ತೇನೆ: ಫೋಟೋ ಮೊದಲು.

ಕುರ್ಚಿ ವಾಲುತ್ತಿದ್ದರೆ

ಹಳೆಯ ರೆಡ್ ಆಕ್ಸೈಡ್ ನೆಲ ಎಲ್ಲ ಕಡೆ ಸಮತಟ್ಟಾಗಿರುವುದಿಲ್ಲ. ಕುರ್ಚಿಯನ್ನು ಇದ್ದಲ್ಲೇ ಅರ್ಧ ಸುತ್ತು ತಿರುಗಿಸಿ ನೋಡಿ. ತಿರುಗಿಸಿದ ಮೇಲೂ ಅದೇ ಕಾಲು ಮೇಲೇಳುತ್ತಿದ್ದರೆ ದೋಷ ಕುರ್ಚಿಯದು; ಕಾಲು ಬದಲಾಗಿ ಕೋಣೆಯ ಅದೇ ಮೂಲೆಯ ಕಡೆ ಎದ್ದರೆ ನೆಲದ್ದು.

ಕುರ್ಚಿಯದೇ ಎಂದಾದರೆ ಮಗುಚಿದ ಸ್ಥಿತಿಯಲ್ಲಿ ಮುಂದಿನ ಎಡಗಾಲಿನಿಂದ ಹಿಂದಿನ ಬಲಗಾಲಿಗೆ ದಾರ ಹಿಡಿದು ಅಳೆಯಿರಿ, ಆಮೇಲೆ ಇನ್ನೊಂದು ಕರ್ಣ. ಸೀಟು ಹಿಂದಕ್ಕೆ ಕಿರಿದಾಗಿದ್ದರೂ ಎರಡು ಕರ್ಣಗಳು ಸಮ ಇರಬೇಕು. ಕಣ್ಣಿಗೆ ಕಾಣುವಷ್ಟು ವ್ಯತ್ಯಾಸ ಬಂದರೆ ಚೌಕಟ್ಟೇ ಓರೆಯಾಗಿದೆ, ಅಂದರೆ ಯಾವುದೋ ಕೀಲು ಬಿಟ್ಟಿದೆ. ಕರ್ಣ ಸರಿಯಿದ್ದೂ ವಾಲುತ್ತಿದ್ದರೆ ಕಾಲುಗಳ ಉದ್ದ ನೋಡಿ. ಗೆದ್ದಲು ಹಿಡಿದ ಕಾಲಿನ ತುದಿ ಕೊಯ್ದು, ಮಿಕ್ಕ ಮೂರನ್ನೂ ಅದಕ್ಕೆ ಸರಿಯಾಗಿ ಕೊಯ್ದ ಕುರ್ಚಿಗಳು ಈ ಊರಲ್ಲಿ ಬೇಕಾದಷ್ಟಿವೆ. ಕಡೆದ ಕಾಲಿನಲ್ಲಿ ಕೊನೆಯ ಬಳೆ ಅರ್ಧಕ್ಕೇ ನಿಂತಿದ್ದರೆ ಅದು ಕೊಯ್ದ ಗುರುತು. ಮೂಲದ ಎತ್ತರ ಹೋದ ಕುರ್ಚಿಗೆ ಬೆಲೆ ಕಟ್ಟುವಾಗ ಇದನ್ನು ಮರೆಯಬಾರದು.

ಕಡೆದ ಕಾಲು ಇನ್ನೊಂದು ವಿಷಯ ಹೇಳುತ್ತದೆ. ಮರ ಒಣಗುವಾಗ ಎಳೆಯ ಉದ್ದಕ್ಕೆ ಹೆಚ್ಚು ಕುಗ್ಗುವುದಿಲ್ಲ, ಅಡ್ಡಕ್ಕೆ ಕುಗ್ಗುತ್ತದೆ. ಅಡ್ಡಕ್ಕೂ ಎಲ್ಲ ದಿಕ್ಕಿನಲ್ಲಿ ಒಂದೇ ಸಮ ಕುಗ್ಗುವುದಿಲ್ಲ. ಕಡೆದಾಗ ಗುಂಡಗಿದ್ದ ಕಾಲು ದಶಕಗಳ ನಂತರ ತುಸು ಮೊಟ್ಟೆಯಾಕಾರಕ್ಕೆ ಬರುತ್ತದೆ. ದಪ್ಪ ಅಳೆಯುವ ಕ್ಯಾಲಿಪರ್ ಇಟ್ಟು ಒಂದೇ ಬಳೆಯನ್ನು ಎರಡು ದಿಕ್ಕಿನಲ್ಲಿ ಅಳೆದರೆ ಗೊತ್ತಾಗುತ್ತದೆ. ನಾಲ್ಕರಲ್ಲಿ ಮೂರು ಕಾಲು ಹೀಗಿದ್ದು ಒಂದು ಮಾತ್ರ ನಿಖರ ಗುಂಡಗಿದ್ದರೆ ಅದು ಆಮೇಲೆ ಹಾಕಿದ ಕಾಲೇ ಎಂದು ಅನುಮಾನಿಸಿ.

ಒರಗಿದರೆ ಕಟ್ ಎಂದರೆ

ಒಬ್ಬರು ಕುರ್ಚಿಯ ಬೆನ್ನನ್ನು ಮೆಲ್ಲಗೆ ಹಿಂದೆ ಮುಂದೆ ಆಡಿಸಲಿ. ಇನ್ನೊಬ್ಬರು ಬೆರಳನ್ನು ಕೀಲಿನ ಸಂದಿಯ ಮೇಲೆ, ಅರ್ಧ ಈಚೆ ಅರ್ಧ ಆಚೆ ಬರುವಂತೆ ಇಡಲಿ. ಸದ್ದು ಎಲ್ಲಿಂದ ಬರುತ್ತದೆಂದು ಕಿವಿ ಮೋಸ ಹೋಗುತ್ತದೆ, ಬೆರಳು ಮೋಸ ಹೋಗುವುದಿಲ್ಲ. ಮೇಷ್ಟ್ರ ಕುರ್ಚಿಯಲ್ಲಿ ಸದ್ದು ಎಡಗೈಯಿಂದ ಬಂದಂತೆ ಕೇಳುತ್ತಿತ್ತು. ಅಲುಗುತ್ತಿದ್ದದ್ದು ಬಲಹಿಂಗಾಲು ಸೀಟಿಗೆ ಸೇರುವ ಜಾಗ.

ಆ ಸಂದಿಗೆ ಟಾರ್ಚು ಬಿಟ್ಟು ಅಂಟು ನೋಡಿ. ಪ್ರಾಣಿಗಳ ಚರ್ಮ ಬೇಯಿಸಿ ಮಾಡುತ್ತಿದ್ದ ಸರೇಸಿನ ಅಂಟು ಹಳೆಯದಾದರೆ ಆರಿದ ಬೆಲ್ಲದ ಪಾಕದಂತೆ ಕಂದಾಗಿ, ಗಾಜಿನ ಚೂರಿನಂತೆ ಪುಡಿಪುಡಿಯಾಗುತ್ತದೆ. ಬಿಳಿಯಾಗಿ ಅಥವಾ ಹಾಲುಬಣ್ಣದ ರಬ್ಬರಿನಂತೆ ಇದ್ದರೆ ಅದು ಫೆವಿಕಾಲ್ ತರದ ಅಂಟು. ಫೆವಿಕಾಲ್ ಮಾರುಕಟ್ಟೆಗೆ ಬಂದದ್ದೇ 1959ರಲ್ಲಿ, ಆದ್ದರಿಂದ ಆ ಕೀಲನ್ನು ಅದಾದ ಮೇಲೆ ಯಾರೋ ಬಿಚ್ಚಿ ಕೂಡಿಸಿದ್ದಾರೆ. ಸರೇಸು ಕಂಡರೆ ನನಗೆ ನೆಮ್ಮದಿ. ಬಿಸಿನೀರಿನ ಶಾಖಕ್ಕೆ ಅದು ಸಡಿಲವಾಗುತ್ತದೆ, ಮರಕ್ಕೆ ಗಾಯವಾಗದೆ ಕೀಲು ಬಿಚ್ಚಬಹುದು, ಮತ್ತೆ ಸರೇಸಿನಲ್ಲೇ ಕೂಡಿಸಬಹುದು. ಅಂಟಿನ ಬದಲು ಯಾರಾದರೂ ಕೀಲಿಗೆ ಅಡ್ಡಲಾಗಿ ಮೊಳೆ ಹೊಡೆದಿದ್ದರೆ ಅದು ಇಡೀ ಕುರ್ಚಿಯಲ್ಲಿ ಅತ್ಯಂತ ಕೆಟ್ಟ ರಿಪೇರಿ. ಮರ ಕುಗ್ಗಿ ಹಿಗ್ಗುವಾಗ ಮೊಳೆ ಜಗ್ಗುವುದಿಲ್ಲ, ಮರವೇ ಸೀಳುತ್ತದೆ.

ಮೂಲೆಗಳಲ್ಲಿ ಮುಕ್ಕೋನದ ಮರದ ತುಂಡುಗಳಿದ್ದರೆ ಅವುಗಳ ಸ್ಕ್ರೂ ನೋಡಿ. ಒಂದನ್ನು ಮಾತ್ರ ಬಿಚ್ಚಿ ತುದಿ ಪರೀಕ್ಷಿಸಿ. ಸುಮಾರು 1850ಕ್ಕಿಂತ ಹಿಂದಿನ ಸ್ಕ್ರೂಗಳ ತುದಿ ಮೊಂಡು. ಚೂಪು ತುದಿಯವು ಯಂತ್ರದಲ್ಲಿ ಬರತೊಡಗಿದ್ದು 1840ರ ದಶಕದಲ್ಲಿ. ತಲೆಯ ಮೇಲೆ ಕೂಡಿಸುವ ಗುರುತಿನಂಥ (+) ತೋಡು ಇದ್ದರೆ ಅದು 1930ರ ದಶಕದಿಂದ ಈಚಿನದು. ಒಂದೇ ಸ್ಕ್ರೂ ನೋಡಿ ತೀರ್ಮಾನಕ್ಕೆ ಬರಬಾರದು, ಸ್ಕ್ರೂ ಬದಲಾಯಿಸುವುದು ಸುಲಭ. ಆದರೆ ಸ್ಕ್ರೂ ಸುತ್ತಲಿನ ಮರದಲ್ಲಿ ತುಕ್ಕಿನ ಕಪ್ಪು ಹಿಡಿದಿದೆಯೇ, ತೂತು ಹಳೆಯದೇ ಎಂಬುದು ಸುಳ್ಳು ಹೇಳುವುದಿಲ್ಲ.

ಕೂತರೆ ಸೀಟು ತಳ ಸೇರಿದರೆ

ಹೆಚ್ಚಿನ ಕುರ್ಚಿಗಳು ನನ್ನ ಬಳಿ ಬರುವುದು ಈ ದೂರಿನಿಂದಲೇ, ಮತ್ತು ಹೆಚ್ಚಿನ ಸಾಕ್ಷಿ ನಾಶವಾಗುವುದೂ ಇಲ್ಲೇ.

ಕೂರಬೇಡಿ, ಅಂಗೈಯಿಂದ ಒತ್ತಿ ನೋಡಿ. ಮುಂದಿನ ಅಂಚಿನಿಂದ ಶುರುಮಾಡಿ ಸಾಲಾಗಿ ಒಂಬತ್ತು ಕಡೆ ಒತ್ತಿ. ಇಡೀ ಸೀಟು ಒಟ್ಟಾಗಿ ಇಳಿದು ಕೆಳಗಿನ ಬಟ್ಟೆ ಉಬ್ಬಿದರೆ ನವಾರು ಹರಿದಿದೆ. ಒಂದು ಕಡೆ ಮಾತ್ರ ಇಳಿದು, ಅಲ್ಲೇ ಸ್ಪ್ರಿಂಗ್ ಓರೆಯಾಗಿ ಕಿರ್ರೆಂದರೆ ಸ್ಪ್ರಿಂಗನ್ನು ಬಿಗಿದ ಹುರಿ ತುಂಡಾಗಿದೆ. ಅಂಗೈಗೆ ಬಳೆಯಂಥದ್ದು ಚುಚ್ಚಿದರೆ ಸ್ಪ್ರಿಂಗಿನ ಮೇಲಿನ ಗೋಣಿಬಟ್ಟೆ ಹರಿದು ಅದು ತಲೆ ಹಾಕಿದೆ. ಎಲ್ಲ ಕಡೆ ಕಲ್ಲಿನಂತೆ ಗಟ್ಟಿಯಿದ್ದರೆ ತುಂಬಿದ ನಾರು ಒತ್ತಿಹೋಗಿ ಹಲಗೆಯಂತಾಗಿದೆ. ಒತ್ತಿದಾಗ ಹೊಲಿಗೆಯ ಸಂದಿಯಿಂದ ಹಳದಿ ಪುಡಿ ಬಂದರೆ ಅದು ಸತ್ತ ಫೋಮ್.

ಫೋಮ್ ಕಂಡ ಕೂಡಲೇ ‘ಓ, ಇದು ಹೊಸ ಕುರ್ಚಿ’ ಎಂದು ಕೈಬಿಡುವವರಿದ್ದಾರೆ. ತಪ್ಪು. ಡನ್ಲಪ್ ಕಂಪನಿಯವರು ರಬ್ಬರ್ ಹಾಲಿನಿಂದ ಫೋಮ್ ಮಾಡಿದ್ದು 1929ರಲ್ಲಿ, ಈಗ ಎಲ್ಲ ಕಡೆ ಸಿಗುವ ಪಾಲಿಯುರೆಥೇನ್ ಫೋಮ್ ಬಂದದ್ದು 1950ರ ದಶಕದಲ್ಲಿ. ಇವು ಹೇಳುವುದು ಆ ಫೋಮ್ ಹಾಕಿದ ಕಾಲವನ್ನು ಮಾತ್ರ. ಮೇಷ್ಟ್ರ ಕುರ್ಚಿಯಲ್ಲೂ ಮೇಲೆ ಎರಡಂಗುಲ ಫೋಮಿತ್ತು. ಅದರಡಿ ಹಳೆಯ ಬಟ್ಟೆ, ಅದರಡಿ ಹತ್ತಿಯ ತೆಳು ಹಾಸು, ಅದರಡಿ ಗುಂಗುರಾದ ಕಪ್ಪು ಕೂದಲು, ತಳದಲ್ಲಿ ತೆಂಗಿನ ನಾರು. ಹಳೆಯದನ್ನು ಕೀಳಲು ಸೋಮಾರಿತನ ಮಾಡಿದ ಯಾವನೋ ಕೆಲಸಗಾರ ಮೇಲಿಂದ ಮೇಲೆ ಹಾಸಿದ್ದ. ಅವನಿಗೆ ಮನಸಾರೆ ಕೃತಜ್ಞ.

ಕೂದಲೋ ನಾರೋ ತಿಳಿಯದಿದ್ದರೆ ಒಂದೇ ಎಳೆಯನ್ನು ಇಕ್ಕುಳದಲ್ಲಿ ಹಿಡಿದು, ಕುರ್ಚಿಯಿಂದ ದೂರ, ಸ್ಪಿರಿಟ್ ಬಾಟಲಿ ಇಲ್ಲದ ಕಡೆ ಸುಟ್ಟು ನೋಡಿ. ಕುದುರೆ ಕೂದಲು ಸುಟ್ಟರೆ ತಲೆಗೂದಲು ಸುಟ್ಟ ವಾಸನೆ, ತುದಿಯಲ್ಲಿ ಕಪ್ಪು ಗಂಟು. ನಾರು ಸುಟ್ಟರೆ ಕಾಗದದ ವಾಸನೆ, ಬೂದಿ. ತೆಂಗಿನ ನಾರು ಕಂಡ ಮಾತ್ರಕ್ಕೆ ಕುರ್ಚಿ ಇಲ್ಲಿಯದೇ ಎನ್ನಲಾಗದು. ಇಂಗ್ಲೆಂಡಿನ ಕೆಲಸಗಾರರೂ ಕೆಳಗಿನ ಹಾಸಿಗೆ ನಾರು, ಮೇಲಿನದಕ್ಕೆ ಕೂದಲು ಬಳಸುತ್ತಿದ್ದರು. ಬೂರುಗದ ಹತ್ತಿ ಸಿಕ್ಕರೆ ಇಲ್ಲಿನ ಕೈ ತಾಗಿರಬಹುದು ಎನ್ನುತ್ತೇನೆ, ಅಷ್ಟೇ.

ಈಗ ಸ್ಪ್ರಿಂಗು. ನಡು ಸಣ್ಣಗಾಗಿ ಡಮರುಗದಂತಿರುವ ಸುರುಳಿ ಸ್ಪ್ರಿಂಗುಗಳನ್ನು ನವಾರಿಗೆ ದಬ್ಬಳದಿಂದ ಹೊಲಿದು, ಮೇಲೆ ಹುರಿಯಿಂದ ನಾಲ್ಕು ದಿಕ್ಕಿಗೂ ಮೂಲೆಗೂ ಬಿಗಿದಿದ್ದರೆ ಅದು ಹಳೆಯ ಪದ್ಧತಿ. ಹಾವು ಹರಿದಂತೆ ಅಂಕುಡೊಂಕಾದ ಚಪ್ಪಟೆ ಸ್ಪ್ರಿಂಗು ಇದ್ದರೆ ಅದು ಇಪ್ಪತ್ತನೆಯ ಶತಮಾನದ್ದು. ಇಂಗ್ಲೆಂಡಿನಲ್ಲಿ ಸ್ಯಾಮ್ಯುಯೆಲ್ ಪ್ರ್ಯಾಟ್ ಎಂಬಾತ ಸುರುಳಿ ಸ್ಪ್ರಿಂಗಿನ ಸೀಟಿಗೆ ಪೇಟೆಂಟ್ ಪಡೆದದ್ದು 1828ರಲ್ಲಿ. ಕುರ್ಚಿಗಳಲ್ಲಿ ಅದು ಬಳಕೆಗೆ ಬಂದದ್ದು ಅದರ ನಂತರದ ದಶಕಗಳಲ್ಲಿ. ಟಿಪ್ಪು ತೀರಿಕೊಂಡದ್ದು 1799ರಲ್ಲಿ. ಹುಟ್ಟಿನಿಂದಲೇ ಸ್ಪ್ರಿಂಗು ಇರುವ ಕುರ್ಚಿಯನ್ನು ಟಿಪ್ಪು ಕಾಲದ್ದು ಎಂದು ತೋರಿಸಿದರೆ ಅಲ್ಲಿಗೇ ಮಾತು ಮುಗಿಯಿತು.

‘ಹುಟ್ಟಿನಿಂದಲೇ’ ಎಂದದ್ದಕ್ಕೆ ಕಾರಣವಿದೆ. ಸ್ಪ್ರಿಂಗಿಲ್ಲದ ಹಳೆಯ ಕುರ್ಚಿಗೆ ಆಮೇಲೆ ಸ್ಪ್ರಿಂಗು ಹಾಕಿರಬಹುದು. ಇದನ್ನು ಪತ್ತೆ ಮಾಡುವ ದಾರಿಯನ್ನು ಹೇಳಿಕೊಟ್ಟವರು ಮಂಡಿ ಮೊಹಲ್ಲಾದ ಹಿರಿಯ ಕುಶನ್ ಕೆಲಸಗಾರರು. ಅವರನ್ನು ನಾನು ಚಾಚಾ ಎಂದೇ ಕರೆಯುತ್ತಿದ್ದೆ. ‘ಮೊಳೆ ತೂತು ಎಲ್ಲಿದೆ ನೋಡು, ಮೇಲೋ ಕೆಳಗೋ’ ಎನ್ನುತ್ತಿದ್ದರು. ಸ್ಪ್ರಿಂಗು ಕೂರಲು ಆಳ ಬೇಕು, ಆದ್ದರಿಂದ ನವಾರನ್ನು ಚೌಕಟ್ಟಿನ ಮರದ ಕೆಳಮುಖಕ್ಕೆ ಹೊಡೆಯುತ್ತಾರೆ. ಸ್ಪ್ರಿಂಗಿಲ್ಲದ ಸೀಟಿಗೆ ನವಾರು ಮೇಲ್ಮುಖಕ್ಕೆ ಬರುತ್ತದೆ. ಕೆಳಗೆ ನವಾರಿದ್ದು, ಮೇಲ್ಮುಖದಲ್ಲೂ ಅಷ್ಟೇ ಅಂತರದಲ್ಲಿ ಹಳೆಯ ತೂತುಗಳ ಗುಂಪುಗಳಿದ್ದರೆ ಕುರ್ಚಿ ತನ್ನ ಮೊದಲ ಬಾಳನ್ನು ಸ್ಪ್ರಿಂಗಿಲ್ಲದೆ ಕಳೆದಿದೆ.

ತೂತುಗಳನ್ನು ಎಣಿಸುವುದು ಬೇಸರದ ಕೆಲಸ, ಆದರೂ ಮಾಡಿ. ಪ್ರತಿ ಸಲ ಬಟ್ಟೆ ಬದಲಿಸಿದಾಗ ಒಂದು ಸಾಲು ತೂತು ಸೇರುತ್ತದೆ. ನೂರು ವರ್ಷದ ಕುರ್ಚಿಯ ಮರ ಜರಡಿಯಂತಿರುತ್ತದೆ. ಸ್ಟೇಪಲ್ ಗನ್ನಿನಿಂದ ಹೊಡೆದ ಪಿನ್ನು ಜೋಡಿ ಚುಕ್ಕೆಯಾಗಿ ಕಾಣುತ್ತದೆ. ಅದು ಇತ್ತೀಚಿನ ಕೆಲಸ. ಗನ್ ಪಿನ್ನಿನ ಗುರುತು ಬಿಟ್ಟು ಬೇರೆ ಯಾವ ತೂತೂ ಇಲ್ಲದ ಚೌಕಟ್ಟನ್ನು ‘ಶತಮಾನದ್ದು’ ಎಂದು ಮಾರಲು ಬಂದರೆ ನಂಬಬೇಡಿ. ಇನ್ನೂ ಸೂಕ್ಷ್ಮವಾದದ್ದು: ಸೀಟಿನಲ್ಲಿ ನಾಲ್ಕು ಸಾಲು ತೂತಿದ್ದು ಒಂದು ಕೈಯಲ್ಲಿ ಮಾತ್ರ ಒಂದೇ ಸಾಲಿದ್ದರೆ ಆ ಕೈ ಆಮೇಲೆ ಸೇರಿದ್ದು.

ಮೇಷ್ಟ್ರ ಕುರ್ಚಿಯಲ್ಲಿ ಮೇಲ್ಮುಖದಲ್ಲಿ ನವಾರಿನ ತೂತಿರಲಿಲ್ಲ. ಕೆಳಮುಖದಲ್ಲಿ ಎರಡು ತಲೆಮಾರಿನವು ಇದ್ದವು, ಎಡಗಡೆಯ ಎರಡು ನವಾರು ಮೊಳೆಯ ತಲೆಯ ಬಳಿಯೇ ಹರಿದು ಜೋತಾಡುತ್ತಿದ್ದವು. ಸ್ಪ್ರಿಂಗುಗಳು ಒಂದೂ ಮುರಿದಿರಲಿಲ್ಲ. ಎಡಕ್ಕೆ ಕುಸಿದದ್ದಕ್ಕೆ ಇದಿಷ್ಟೇ ಕಾರಣ. ಸಾಮಾನ್ಯವಾಗಿ ಸ್ಪ್ರಿಂಗು ಹೋಗಿದೆ ಎಂದು ಹೇಳಿ ಎಲ್ಲವನ್ನೂ ಬದಲಿಸುತ್ತಾರೆ. ನಾನು ಕಂಡ ಕುರ್ಚಿಗಳಲ್ಲಿ ಸೋಲುವುದು ಮೊದಲು ನವಾರು, ಆಮೇಲೆ ಹುರಿ, ಕೊನೆಗೆ ಎಲ್ಲೋ ಒಮ್ಮೆ ಸ್ಪ್ರಿಂಗು.

ಕೆಳಗೆ ಹಿಟ್ಟು ಉದುರುತ್ತಿದ್ದರೆ

ಕುರ್ಚಿಯನ್ನು ಬೇರೆ ಮರದ ಸಾಮಾನಿನಿಂದ ದೂರವಿಟ್ಟು, ಕೆಳಗೆ ಬಿಳಿ ಕಾಗದ ಹಾಸಿ, ಕಾಲುಗಳ ಗುರುತು ಹಾಕಿಬಿಡಿ. ಒಂದು ವಾರ ಮುಟ್ಟಬೇಡಿ. ಹೊಸ ಹಿಟ್ಟು ಬಿದ್ದರೆ ಹುಳು ಬದುಕಿದೆ. ಬೀಳದಿದ್ದರೆ ಹಿಂದೆಂದೋ ತಿಂದ ಹಿಟ್ಟು ಅಲುಗಾಟಕ್ಕೆ ಉದುರಿರಬಹುದು.

ಬಿದ್ದದ್ದನ್ನು ಬೆರಳಲ್ಲಿ ಉಜ್ಜಿ. ಮೈದಾ ಹಿಟ್ಟಿನಂತೆ ನುಣುಪಾಗಿದ್ದರೆ ಕುಟ್ಟೆ. ಮರದಲ್ಲಿ ಒಂದೆರಡು ಮಿಲಿಮೀಟರಿನ ದುಂಡು ತೂತುಗಳಿರುತ್ತವೆ, ಹೊಸ ತೂತಿನ ಒಳಗೋಡೆ ಹಸಿ ಮರದ ಬಣ್ಣಕ್ಕಿರುತ್ತದೆ, ಹಳೆಯದರಲ್ಲಿ ಕಸ ಕೂತು ಕಪ್ಪಾಗಿರುತ್ತದೆ. ಗಸಗಸೆಯಂತೆ ಕಾಳುಕಾಳಾಗಿದ್ದರೆ ಅದು ಒಣಮರದ ಗೆದ್ದಲಿನ ಹಿಕ್ಕೆ, ಕುಟ್ಟೆಗಿಂತ ಅಪಾಯ. ಮಣ್ಣಿನ ಗೂಡಿನ ಸಾಲಿದ್ದರೆ ನೆಲದ ಗೆದ್ದಲು, ಆಗ ಕುರ್ಚಿಗಿಂತ ಮೊದಲು ಗೋಡೆಯನ್ನು ನೋಡಿ.

ಹುಳು ಎಲ್ಲಿ ತಿಂದಿದೆ ಎಂಬುದನ್ನು ಗಮನಿಸಿ. ಕುಟ್ಟೆಗೆ ಬೇಕಾದದ್ದು ಪಿಷ್ಟ ಇರುವ ಬಿಳಿಮರ, ಅಂದರೆ ತೊಗಟೆಗೆ ಹತ್ತಿರದ ಭಾಗ. ತೇಗದ, ಬೀಟೆಯ ಚೇಗಿಗೆ, ಅಂದರೆ ನಡುವಿನ ಗಟ್ಟಿ ಮರಕ್ಕೆ, ಅದು ಸುಲಭವಾಗಿ ಬಾಯಿ ಹಾಕುವುದಿಲ್ಲ. ‘ಪೂರಾ ತೇಗ’ ಎಂದು ಹೇಳಿದ ಕುರ್ಚಿಯ ಮರ ಉದ್ದಗಲಕ್ಕೂ ತೂತಾಗಿದ್ದರೆ ಅದು ತೇಗದ ಚೇಗು ಅಲ್ಲ.

ಇನ್ನೊಂದು ಗುರುತಿದೆ, ಹಳೆಯದೆಂದು ತೋರಿಸಲು ಮಾಡಿದ ಕುರ್ಚಿಗಳನ್ನು ಹಿಡಿದುಕೊಡುವುದು ಇದೇ. ಹುಳು ಹೊರಬರುವಾಗ ಮರದ ಮೈಗೆ ನೇರವಾಗಿ ದುಂಡು ತೂತು ಮಾಡುತ್ತದೆ. ಒಳಗಿನ ಸುರಂಗ ಮೇಲ್ಮೈಯಲ್ಲಿ ಕಾಲುವೆಯಂತೆ ಉದ್ದಕ್ಕೆ ತೆರೆದುಕೊಂಡು ಕಾಣುವುದಿಲ್ಲ. ಹಾಗೆ ಕಂಡರೆ, ಹುಳು ತಿಂದ ಹಳೆಯ ಮರವನ್ನು ಆಮೇಲೆ ಕೊಯ್ದು, ತೋಪಡದಿಂದ ಹೆರೆದು ಈ ಕುರ್ಚಿ ಮಾಡಿದ್ದಾರೆ. ಮರ ಹಳೆಯದು, ಕುರ್ಚಿ ಹೊಸದು.

ಸೀಮೆಎಣ್ಣೆ ಸುರಿಯಬೇಡಿ, ದಯವಿಟ್ಟು. ನಾರಿಗೆ, ಕೂದಲಿಗೆ ಹಿಡಿದ ಆ ವಾಸನೆ ಹೋಗುವುದಿಲ್ಲ, ಬೆಂಕಿಯ ಭಯ ಬೇರೆ. ಹುಳು ಬದುಕಿದ್ದರೆ ಕೀಟನಾಶಕದ ಕೆಲಸ ಗೊತ್ತಿರುವವರಿಂದ ಬರಿಯ ಚೌಕಟ್ಟಿಗೆ, ಪಾಲಿಶ್ ಇಲ್ಲದ ಒಳಮೈಯಿಂದ ಔಷಧ ಮಾಡಿಸಿ.

ಒಳಗಿನ ಮರ, ಹೊರಗಿನ ಪಾಲಿಶ್

ಇಂಗ್ಲೆಂಡಿಂದೋ ಇಲ್ಲಿಯದೋ ಎಂಬ ಪ್ರಶ್ನೆಗೆ ಉತ್ತರ ಬಟ್ಟೆಯಡಿ ಅಡಗಿರುವ ಮರದಲ್ಲಿದೆ. ಕಾಲಿಗೆ ಕಣ್ಣಿಗೆ ಬೀಳುವ ಒಳ್ಳೆಯ ಮರ ಹಾಕಿ, ಕಾಣದ ಚೌಕಟ್ಟಿಗೆ ಬೀಚ್ ಮರ ಬಳಸುವುದು ಇಂಗ್ಲೆಂಡಿನ ರೂಢಿ. ಬೀಚ್ ತಿಳಿ ಬಣ್ಣದ್ದು, ಮೈಮೇಲೆ ಜೀರಿಗೆ ಚೆಲ್ಲಿದಂತೆ ಸಣ್ಣ ಕಂದು ಗೀಟುಗಳಿರುತ್ತವೆ, ನಮ್ಮ ಹವೆಯಲ್ಲಿ ಹುಳುವಿಗೆ ಬೇಗ ತುತ್ತಾಗುತ್ತದೆ. ಒಳಗಿನ ಚೌಕಟ್ಟೂ ತೇಗ, ಹೊನ್ನೆ, ಮತ್ತಿ, ಹಲಸು ಆಗಿದ್ದರೆ ಕುರ್ಚಿ ಈ ದೇಶದಲ್ಲೇ ಆಗಿರುವ ಸಂಭವ ಬಹಳ ಹೆಚ್ಚು. ಹೊನ್ನೆಯೆಂಬ ಅನುಮಾನವಿದ್ದರೆ ಉದುರಿದ ಸಿಪ್ಪೆಯನ್ನು ಲೋಟದ ನೀರಿಗೆ ಹಾಕಿಡಿ, ನೀರಿಗೆ ಬಣ್ಣ ಬಿಡುತ್ತದೆ.

ಗರಗಸದ ಗುರುತನ್ನೂ ಅಲ್ಲೇ ನೋಡಬೇಕು, ಹೊರಗೆ ಉಜ್ಜಿರುತ್ತಾರೆ. ಕೈಗರಗಸದ ಗೀಟು ನೇರ, ಆದರೆ ಒಂದೇ ಸಮ ಇರುವುದಿಲ್ಲ. ಚಕ್ರದ ಗರಗಸದ್ದು ಕಮಾನಿನಂತೆ ಬಾಗಿರುತ್ತದೆ. ನಮ್ಮಲ್ಲಿ ಕೈಗರಗಸ ತುಂಬ ಕಾಲ ನಡೆಯಿತು, ಆದ್ದರಿಂದ ನೇರ ಗೀಟು ಕಂಡ ಮಾತ್ರಕ್ಕೆ ಬಹಳ ಹಿಂದಕ್ಕೆ ಹೋಗಬೇಡಿ.

ಪಾಲಿಶ್ ಪರೀಕ್ಷೆಗೆ ಹಿಂಗಾಲಿನ ಒಳಮೈ ಆರಿಸಿಕೊಳ್ಳಿ. ಹತ್ತಿಯ ತುದಿಗೆ ಸ್ಪಿರಿಟ್ ಅದ್ದಿ ಕಡಲೆಕಾಳಿನಷ್ಟು ಜಾಗಕ್ಕೆ ಒತ್ತಿ. ಅಂಟಂಟಾಗಿ ಕಂದು ಬಣ್ಣ ಹತ್ತಿಗೆ ಬಂದರೆ ಅರಗಿನ ಪಾಲಿಶ್, ಹಳೆಯ ವಿಧಾನ. ಏನೂ ಆಗದಿದ್ದರೆ ಮೆಲಮೈನ್ ಅಥವಾ ಪಿಯು (ಪಾಲಿಯುರೆಥೇನ್) ಪಾಲಿಶ್, ಈಚಿನದು. ಬೀಟೆಯ ಬಣ್ಣ ಬಳಿದ ಕಡಿಮೆ ದರ್ಜೆಯ ಮರವೂ ಇಲ್ಲೇ ಸಿಕ್ಕಿಬೀಳುತ್ತದೆ: ಬಣ್ಣ ಎದ್ದು ಅಡಿಯಲ್ಲಿ ಬಿಳಿ ಮರ ಕಾಣುತ್ತದೆ.

ಮುದ್ರೆ, ಮಾತು, ಕಾನೂನು

ಲಂಡನ್ನಿನ ಬರ್ನರ್ಸ್ ಸ್ಟ್ರೀಟಿನ ಹೊವಾರ್ಡ್ ಅಂಡ್ ಸನ್ಸ್‌ನವರ ಕುಶನ್ ಕುರ್ಚಿಗಳು ಹೆಸರುವಾಸಿ. ಅವರು ಹಿಂಗಾಲಿನಲ್ಲಿ ಸಂಖ್ಯೆ ಮತ್ತು ಹೆಸರು ಒತ್ತುತ್ತಿದ್ದರು, ಗಾಲಿಯ ಹಿತ್ತಾಳೆಯ ಮೇಲೂ ಹೆಸರಿರುತ್ತಿತ್ತು. ಗಾಲಿಯ ಹೆಸರೊಂದನ್ನೇ ನಂಬಬಾರದು, ಗಾಲಿ ಬಿಚ್ಚಿ ಬೇರೆ ಕಾಲಿಗೆ ಹಾಕಬಹುದು. ಕಾಲಿನ ತುದಿ ಕೂರುವ ಗಾಲಿಯ ಬಟ್ಟಲು ಮರದಲ್ಲಿ ಬಿಟ್ಟಿರುವ ಗುರುತು ಅದರ ಅಳತೆಗೇ ಸರಿಯಾಗಿದೆಯೇ ನೋಡಿ. ಅಯಸ್ಕಾಂತ ಬಟ್ಟಲಿಗೆ ಅಂಟಿದರೆ ಅದು ಹಿತ್ತಾಳೆ ಲೇಪಿಸಿದ ಕಬ್ಬಿಣ.

ಅರಮನೆಯ ಮಾತಿಗೆ ಕಾಗದ ಬೇಕು: ಹರಾಜಿನ ರಸೀದಿ, ಹಳೆಯ ಫೋಟೋ, ಪತ್ರ. ಹಳೆಯ ಮರದ ಅರಮನೆ 1897ರಲ್ಲಿ ಸುಟ್ಟುಹೋಯಿತು, ಹೆನ್ರಿ ಇರ್ವಿನ್ ವಿನ್ಯಾಸದ ಈಗಿನ ಅರಮನೆ ಮುಗಿದದ್ದು 1912ರಲ್ಲಿ. ‘ಹಳೇ ಅರಮನೇದು’ ಎನ್ನುವವರನ್ನು ಯಾವ ಅರಮನೆ ಎಂದು ವಿನಯದಿಂದಲೇ ಕೇಳಬೇಕಾಗುತ್ತದೆ.

ಮಾರುವ ಯೋಚನೆಯಿದ್ದರೆ ಇದು ತಿಳಿದಿರಲಿ. 1972ರ ಪುರಾತನ ವಸ್ತುಗಳ ಕಾಯಿದೆಯ ಪ್ರಕಾರ 100 ವರ್ಷ ದಾಟಿದ ಕಲಾಕುಸುರಿಯ ವಸ್ತುವನ್ನು ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ. ಮೈಸೂರಿನ ಹಳೆಯ ಇನ್‌ಲೇ ಕೆಲಸದಲ್ಲಿ, ಅಂದರೆ ಮರದಲ್ಲಿ ಬೇರೆ ಬಣ್ಣದ ತುಂಡುಗಳನ್ನು ಕೂರಿಸಿದ ಕುಸುರಿಯಲ್ಲಿ, ಬಿಳಿಯ ಭಾಗ ದಂತವಾಗಿರುವ ಸಾಧ್ಯತೆಯಿದೆ. ದಂತವಾದರೆ ಅದನ್ನು ಮಾರುವುದೇ ವನ್ಯಜೀವಿ ಕಾಯಿದೆಯಡಿ ಅಪರಾಧ.

ಮೇಷ್ಟ್ರ ಕುರ್ಚಿ

ಕಾಲು ಬೀಟೆ, ಅರಗಿನ ಪಾಲಿಶ್. ಒಳಗಿನ ಚೌಕಟ್ಟು ತೇಗ. ಸ್ಕ್ರೂ ಚೂಪು ತುದಿಯವು, ತೂತಿನ ಸುತ್ತ ಹಳೆಯ ಕಪ್ಪು. ಹುಟ್ಟಿನಿಂದಲೇ ಸ್ಪ್ರಿಂಗು. ಗಾಲಿಯಲ್ಲಿ ಹೆಸರಿಲ್ಲ. ಹಿಟ್ಟು ಬರುತ್ತಿದ್ದದ್ದು ಹಿಂದಿನ ಅಡ್ಡ ಮರದಿಂದ. ಅದೊಂದು ಮಾತ್ರ ಬಿಳಿಮರ, ಅದರಲ್ಲಿ ಗನ್ ಪಿನ್ನಿನ ತೂತು ಬಿಟ್ಟರೆ ಬೇರೆ ಇಲ್ಲ, ಅದರ ಕೀಲಿನಲ್ಲಿ ಬಿಳಿ ಅಂಟು. ಫೋಮ್ ಹಾಕಿದ ಕಾಲದಲ್ಲೇ ಆ ಮರವನ್ನೂ ಬದಲಿಸಿದ್ದರು. ಸರಿಯಾಗಿ ಕೂರದ ಆ ಮರದ ಭಾರವೆಲ್ಲ ಬಲಹಿಂಗಾಲಿನ ಕೀಲಿಗೆ ಬಿದ್ದು ಸರೇಸು ಒಡೆದಿತ್ತು. ಸದ್ದಿಗೂ ಹಿಟ್ಟಿಗೂ ಮೂಲ ಒಂದೇ ಆಯಿತು.

‘ಸರ್, ಇದು ಇಂಗ್ಲೆಂಡಿಂದಲ್ಲ. ಅಲ್ಲಿನ ಮಾದರಿ ನೋಡಿ ಇಲ್ಲಿನವರು ಮಾಡಿದ್ದು. ನನ್ನ ಅಂದಾಜಿಗೆ ಹೋದ ಶತಮಾನದ ಮೊದಲ ದಶಕಗಳದ್ದು’ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಾಗಾದ್ರೆ ಬೆಲೆ ಇಲ್ವಾ?’ ಎಂದರು.

ಇದೆ. ಕಾಣದ ಕಡೆಗೂ ತೇಗ ಹಾಕಿದ ಕೆಲಸ ಅದು. ಮುಂದಿನ ಎರಡು ಕಾಲುಗಳ ಬಳೆಗಳಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಿದೆ; ಕಡೆದವನು ಕಣ್ಣಳತೆಯಲ್ಲೇ ಒಂದಕ್ಕೊಂದು ಸರಿಮಾಡಿದ್ದಾನೆ. ಇಂಥ ಕುರ್ಚಿ ಹುಳು ತಿಂದ ಬೀಚ್ ಚೌಕಟ್ಟಿನ ವಿಲಾಯತಿ ಕುರ್ಚಿಗಿಂತ ಮೇಲು ಎಂಬುದು ನನ್ನ ಗಟ್ಟಿ ಅಭಿಪ್ರಾಯ, ಕೊಳ್ಳುವವರು ಏನೇ ಹೇಳಲಿ.

ಹಿಂದಿನ ಮರವನ್ನು ಹಳೆಯ ಕಿಟಕಿಯ ತೇಗದಿಂದ ಮತ್ತೆ ಮಾಡಿದೆವು, ಕೀಲನ್ನು ಸರೇಸಿನಲ್ಲೇ ಕೂಡಿಸಿದೆವು. ನವಾರು ಹೊಸದು, ಸ್ಪ್ರಿಂಗು ಹಳೆಯವೇ. ಫೋಮ್ ತೆಗೆದು, ಕೂದಲನ್ನು ಸಾಬೂನು ನೀರಲ್ಲಿ ತೊಳೆದು, ನೆರಳಲ್ಲಿ ಒಣಗಿಸಿ, ಬೆರಳಲ್ಲಿ ಬಿಡಿಸಿ ತಿರುಗಿ ತುಂಬಿದೆವು. ಮೂಲದ ಬಟ್ಟೆಯ ಅಂಗೈಯಗಲದ ತುಂಡು, ಬಿಚ್ಚಿದ ಒಂದು ಸ್ಕ್ರೂ, ಎರಡು ಹಳೆಯ ಮೊಳೆ, ಯಾವುದನ್ನು ಯಾವಾಗ ಬದಲಿಸಿದೆವು ಎಂಬ ಒಂದು ಹಾಳೆ, ಎಲ್ಲವನ್ನೂ ಲಕೋಟೆಯಲ್ಲಿ ಹಾಕಿ ಸೀಟಿನ ತಳದ ಬಟ್ಟೆಯ ಒಳಗೆ ಹೊಲಿದಿದ್ದೇವೆ. ಹಾಳೆಯ ಮೇಲೆ ಮೇಷ್ಟ್ರು ತಮ್ಮ ತಂದೆಯವರು ಹೇಳುತ್ತಿದ್ದ ಹರಾಜಿನ ಮಾತನ್ನೂ ಬರೆದರು, ಕೆಳಗೆ ‘ಕೇಳಿದ್ದು’ ಎಂದು ಸೇರಿಸಿದರು.